ನಾಲ್ಕು ಡ್ರಮ್ಮು, ಒಂದಿಷ್ಟು ಬಿದಿರು: ಕಡಿಮೆ ಖರ್ಚಿನಲ್ಲಿ ಮಗುಚದ ತೆಪ್ಪ ಕಟ್ಟುವುದು ಹೇಗೆ

ತೆಪ್ಪ ತೇಲಿಸುವುದು ದೊಡ್ಡ ಕೆಲಸವಲ್ಲ. ಬಾಯಿ ಭದ್ರವಾಗಿ ಮುಚ್ಚಿದ ಯಾವ ಖಾಲಿ ಡಬ್ಬವಾದರೂ ತೇಲುತ್ತದೆ. ಕಷ್ಟ ಇರುವುದು ಇಬ್ಬರು ಒಂದೇ ಕಡೆಗೆ ಸರಿದರೂ ಅದು ಮಗುಚದ ಹಾಗೆ, ನೀರಿನ ಮೇಲೆ ಒಂದು ಗಂಟೆ ಕಳೆದ ಮೇಲೂ ಕಟ್ಟು ಸಡಿಲವಾಗದ ಹಾಗೆ ನೋಡಿಕೊಳ್ಳುವುದರಲ್ಲಿ. ಆದ್ದರಿಂದ ಈ ಲೇಖನದಲ್ಲಿ ಅಗಲದ ಬಗ್ಗೆ ಮತ್ತು ಹಗ್ಗದ ಬಗ್ಗೆ ಜಾಸ್ತಿ ಬರೆದಿದ್ದೇನೆ, ಉಳಿದದ್ದರ ಬಗ್ಗೆ ಬೇಕಾದಷ್ಟು ಮಾತ್ರ.

ಇದನ್ನು ಬರೆಯುತ್ತಿರುವುದು ಮುಖ್ಯವಾಗಿ ಬೆಂಗಳೂರಿನಲ್ಲಿ ಇದ್ದುಕೊಂಡು ದೊಡ್ಡಬಳ್ಳಾಪುರ, ಮಾಗಡಿ, ಕನಕಪುರ, ಹೊಸಕೋಟೆ ಕಡೆ ಜಮೀನು ನೋಡಿಕೊಳ್ಳುವವರಿಗೆ, ಅಥವಾ ಅಂಥ ನೆಂಟರು, ಸ್ನೇಹಿತರು ಇರುವವರಿಗೆ. ಕೃಷಿ ಹೊಂಡ ಇದ್ದ ಕಡೆ ತೆಪ್ಪಕ್ಕೆ ಕೆಲಸ ಇದ್ದೇ ಇರುತ್ತದೆ. ಪಾಚಿ ಎಳೆಯಬೇಕು, ಪಂಪಿನ ಪೈಪಿನ ತುದಿಯಲ್ಲಿ ಕಸ ಕಟ್ಟಿಕೊಂಡ ಫುಟ್‌ವಾಲ್ವ್ ಬಿಡಿಸಬೇಕು, ಮೀನು ಬಿಟ್ಟಿದ್ದರೆ ನಡುನೀರಿಗೆ ಹೋಗಿ ಮೇವು ಹಾಕಬೇಕು. ಕೆಲಸ ಇಲ್ಲದಿದ್ದರೂ ಸಂಜೆ ಹೊತ್ತು ಸುಮ್ನೆ ನೀರಿನ ಮೇಲೆ ಕೂರುವುದಕ್ಕೇ ಕಟ್ಟಬಹುದು, ಅದೂ ಒಳ್ಳೆಯ ಕಾರಣವೇ.

ಊರಿನ ಕೆರೆಗಳಿಗೆ ಮಾತ್ರ ಇದನ್ನು ಇಳಿಸಬೇಡಿ. ಹಲಸೂರು, ಸ್ಯಾಂಕಿ, ಜಕ್ಕೂರು, ಯಾವುದೇ ಇರಲಿ, ಅನುಮತಿ ಇಲ್ಲದೆ ನೀರಿಗೆ ಇಳಿಯುವ ಹಾಗಿಲ್ಲ. ಎಷ್ಟೋ ಕೆರೆಗಳ ತಳದಲ್ಲಿ ಆಳೆತ್ತರ ಹೂಳು ಇರುತ್ತದೆ. ಬಿದ್ದವನಿಗೆ ಈಜು ಬಂದರೂ ಕಾಲು ಹೂಳಿನಲ್ಲಿ ಸಿಕ್ಕಿಕೊಂಡರೆ ಎದ್ದು ಬರುವುದು ಕಷ್ಟ. ಬೆಳ್ಳಂದೂರು ಕೆರೆಗೆ 2015ರಿಂದ 2018ರ ನಡುವೆ ಬೆಂಕಿ ಹತ್ತಿಕೊಂಡಿದ್ದನ್ನು ನಾವೆಲ್ಲ ನೋಡಿದ್ದೇವೆ, ಆ ನೀರು ಮೈಗೆ ತಾಗುವುದೂ ಬೇಡ. ಇನ್ನು ಸಂಗಮ, ಮೇಕೆದಾಟು, ಮುತ್ತತ್ತಿ ಕಡೆ ಕಾವೇರಿಗಂತೂ ಡ್ರಮ್ ತೆಪ್ಪ ತೆಗೆದುಕೊಂಡು ಹೋಗಲೇಬೇಡಿ. ಅಲ್ಲಿ ಬಂಡೆ, ಸುಳಿ ಎರಡೂ ಇವೆ, ಪ್ರತಿ ವರ್ಷ ಜನ ಮುಳುಗುತ್ತಾರೆ. ಈ ತೆಪ್ಪ ನಿಂತ ನೀರಿನದು.

ಮೊದಲು ಭಾರದ ಲೆಕ್ಕ

ಒಂದು ಲೀಟರ್ ಜಾಗವಿರುವ ಡಬ್ಬ ಪೂರ್ತಿ ನೀರಿನೊಳಗೆ ಹೋದಾಗ ಸುಮಾರು ಒಂದು ಕೆಜಿಯನ್ನು ಹೊರುತ್ತದೆ. ಅಂದರೆ 200 ಲೀಟರಿನ ನೀಲಿ ಪ್ಲಾಸ್ಟಿಕ್ ಡ್ರಮ್ಮು ಮುಳುಗುವ ಮುಂಚೆ ಸುಮಾರು 200 ಕೆಜಿ ತಡೆಯುತ್ತದೆ, ಅದರಲ್ಲಿ ಡ್ರಮ್ಮಿನದೇ ಭಾರ ಎಂಟೊಂಬತ್ತು ಕೆಜಿ ಕಳೆಯಿರಿ. ನಾಲ್ಕು ಡ್ರಮ್ಮಿಗೆ 800 ಕೆಜಿ. ಈಗ ಹೊರಬೇಕಾದದ್ದನ್ನು ಕೂಡಿ: ಇಬ್ಬರು ಆಳು 140, ಬಿದಿರು ಮತ್ತು ಹಲಗೆ 60, ಡ್ರಮ್ಮುಗಳದು 36. ಒಟ್ಟು 236 ಕೆಜಿ. ಡ್ರಮ್ಮಿಗೆ ಐವತ್ತೊಂಬತ್ತು ಕೆಜಿ ಬಿತ್ತು, ಹಾಗಾಗಿ ಅಡ್ಡ ಮಲಗಿಸಿದ ಡ್ರಮ್ಮು ತನ್ನ ಎತ್ತರದ ಮೂರನೇ ಒಂದು ಭಾಗದಷ್ಟು ಮಾತ್ರ ನೀರಿನಲ್ಲಿರುತ್ತದೆ.

ಹಾಗಾದರೆ ಎರಡು ಡ್ರಮ್ಮು ಸಾಲದೇ, 400 ಕೆಜಿ ಆಯ್ತಲ್ಲ ಎಂದು ಕೇಳಬಹುದು. ತೇಲುವುದಕ್ಕೆ ಸಾಕು, ನಿಲ್ಲುವುದಕ್ಕೆ ಸಾಲದು. ನಾನು ಪಾಲಿಸುವ ನಿಯಮ ಒಂದೇ: ಒಂದು ಬದಿಯ ಡ್ರಮ್ಮುಗಳು ಒಟ್ಟು ಜನರ ಭಾರವನ್ನೂ ತೆಪ್ಪದ ಅರ್ಧ ಭಾರವನ್ನೂ ಹೊರಬೇಕು, ಹೊತ್ತ ಮೇಲೂ ಅರ್ಧಕ್ಕಿಂತ ಜಾಸ್ತಿ ಮುಳುಗಬಾರದು. ನೀರಿನಲ್ಲಿ ಮೀನು ಕಂಡರೆ ಇಬ್ಬರೂ ಒಂದೇ ಕಡೆಗೆ ಬಗ್ಗುತ್ತಾರೆ, ಬಗ್ಗದೇ ಇರುವುದಿಲ್ಲ. ಆಗ ಆ ಬದಿಗೆ ಬೀಳುವುದು 140ರ ಜೊತೆ 48, ಅಂದರೆ 188 ಕೆಜಿ. ಆ ಬದಿಯ ಎರಡು ಡ್ರಮ್ಮು 400 ತಡೆಯುತ್ತವೆ. ಅರ್ಧವೂ ಮುಳುಗುವುದಿಲ್ಲ, ತೆಪ್ಪ ವಾಲುತ್ತದೆ ಅಷ್ಟೇ. ಮೂವರು ಕೂರಬೇಕು ಅಂದರೆ ಬದಿಗೆ ಮೂರರಂತೆ ಆರು ಡ್ರಮ್ಮು ಹಾಕಿ. ನಾಲ್ಕರಲ್ಲೇ ಮೂವರನ್ನು ಕೂರಿಸಿ ನೋಡೋಣ ಅನ್ನಬೇಡಿ.

ಸಾಮಾನು ಎಲ್ಲಿ ಸಿಗುತ್ತದೆ

ಹಳೇ ಡ್ರಮ್ಮು ಕಲಾಸಿಪಾಳ್ಯದ ಸುತ್ತಮುತ್ತ, ಪೀಣ್ಯದ ಗುಜರಿ ಅಂಗಡಿಗಳಲ್ಲಿ ಸಿಗುತ್ತದೆ. ಒಂದಕ್ಕೆ ಸಾವಿರ ರೂಪಾಯಿ ಆಚೀಚೆ ಹೇಳುತ್ತಾರೆ, ನಾಲ್ಕು ಒಟ್ಟಿಗೆ ತಗೊಂಡರೆ ಚೌಕಾಸಿಗೆ ಜಾಗ ಇದೆ. ಮುಚ್ಚಳಕ್ಕೆ ಕಬ್ಬಿಣದ ಬಳೆ ಹಾಕಿ ಬಿಗಿಯುವ ಅಗಲ ಬಾಯಿಯ ಡ್ರಮ್ಮು ಬೇಡ, ಅದು ಅಡ್ಡ ಮಲಗಿದರೆ ಸೋರುತ್ತದೆ. ತಲೆಯ ಮೇಲೆ ಎರಡು ಸಣ್ಣ ತಿರುಪಿನ ಮುಚ್ಚಳ ಇರುವುದೇ ಬೇಕು. ಎತ್ತಿ ತಿರುಗಿಸಿ ನೋಡಿ, ತಳದ ಅಂಚಿನಲ್ಲಿ ಬಿಳಿ ಗೆರೆ ಕಟ್ಟಿ ಬಿರುಕು ಬಿಟ್ಟಿದ್ದರೆ ಬಿಟ್ಟುಬಿಡಿ.

ಕೊಳ್ಳುವ ಮುಂಚೆ "ಅಣ್ಣ, ಇದರಲ್ಲಿ ಮೊದಲು ಏನಿತ್ತು?" ಎಂದು ಕೇಳಲೇಬೇಕು. ಸೋಪಿನ ಎಣ್ಣೆ, ಹಣ್ಣಿನ ರಸ, ಗ್ಲಿಸರಿನ್ ಅಂದರೆ ತಗೊಳ್ಳಿ. ಆಸಿಡ್, ಥಿನ್ನರ್, ಕೀಟನಾಶಕ ಅಂದರೆ, ಅಥವಾ "ಏನೋ ಕೆಮಿಕಲ್ ಸಾರ್" ಅಂತ ತೇಲಿಸಿ ಹೇಳಿದರೆ, ಎಷ್ಟೇ ಅಗ್ಗವಾದರೂ ಬೇಡ. ಆ ಹೊಂಡದ ನೀರೇ ನಾಳೆ ಟೊಮೇಟೊಗೆ ಹೋಗುತ್ತದೆ, ಅಲ್ವಾ? ಲೇಬಲ್ ಉಳಿದಿದ್ದರೆ ಓದಿ. ಮುಚ್ಚಳ ತೆಗೆದು ಮೂಗಿಟ್ಟು ಎಳೆಯಬೇಡಿ, ಕೈಯಿಂದ ಗಾಳಿ ಬೀಸಿಕೊಂಡು ವಾಸನೆ ನೋಡಿ.

ಬಿದಿರಿಗೆ ಶಿವಾಜಿನಗರದ ಹತ್ತಿರದ ಬ್ಯಾಂಬೂ ಬಜಾರ್ ಇದೆ, ಜಮೀನಿನ ಹತ್ತಿರವೇ ಸಿಕ್ಕರೆ ಇನ್ನೂ ಒಳ್ಳೆಯದು. ಮೂರು ಇಂಚು ದಪ್ಪದ್ದು ಬೇಕು: ಎಂಟು ಅಡಿಯವು ನಾಲ್ಕು, ಏಳು ಅಡಿಯವು ಐದು, ಮೂಲೆಯಿಂದ ಮೂಲೆಗೆ ಕಟ್ಟಲು ದಪ್ಪ ಸ್ವಲ್ಪ ಕಡಿಮೆ ಇರುವವು ಎರಡು. ಸೀಳು ಬಿಟ್ಟದ್ದು, ಬೆರಳಿನಿಂದ ಕುಟ್ಟಿದರೆ ಪುಡಿ ಉದುರುವುದು ಬೇಡ. ಮನೆ ಕಟ್ಟುವ ಕಡೆ ಮಿಕ್ಕ ಸರ್ವೆ ಗಳ ಸಿಕ್ಕರೂ ಆಗುತ್ತದೆ, ಭಾರ ಸ್ವಲ್ಪ ಜಾಸ್ತಿ.

ಮೇಲೆ ಹಾಸಲು ಕಟ್ಟಡದವರ ಹಳೇ ಸೆಂಟ್ರಿಂಗ್ ಹಲಗೆ ಸಾಕು. ಮೇಸ್ತ್ರಿಯನ್ನು ಕೇಳಿದರೆ ಎಷ್ಟೋ ಸಲ ಸೌದೆ ರೇಟಿಗೆ ಕೊಡುತ್ತಾರೆ. ಮೊಳೆ ಕೀಳುವ ಕೆಲಸ ನಿಮ್ಮದು. ಪ್ಯಾಕಿಂಗ್‌ನ ಮರದ ಪ್ಯಾಲೆಟ್ ಸಿಕ್ಕರೆ ಅದರ ಮೇಲಿನ ಮುದ್ರೆ ನೋಡಿ. ಎಚ್‌ಟಿ ಎಂದಿದ್ದರೆ ಬಿಸಿ ಮಾಡಿ ಹುಳ ಕೊಂದದ್ದು, ಬಳಸಬಹುದು. ಎಂಬಿ ಎಂದಿದ್ದರೆ ಮೀಥೈಲ್ ಬ್ರೋಮೈಡ್ ಎಂಬ ವಿಷ ಹಾಕಿದ್ದು, ಬೇಡ.

ಹಗ್ಗದಲ್ಲಿ ಉಳಿತಾಯ ಮಾಡಬೇಡಿ

ಕೆ.ಆರ್. ಮಾರ್ಕೆಟ್ ಸುತ್ತಿನ ಹಗ್ಗದ ಅಂಗಡಿಗೆ ಹೋದರೆ ಹತ್ತು ತರಹ ತೋರಿಸುತ್ತಾರೆ. ನೈಲಾನ್ ಗಟ್ಟಿ, ಆದರೆ ನೆನೆದಾಗ ಹಿಗ್ಗುತ್ತದೆ, ದಡದಲ್ಲಿ ಬಿಗಿಯಾಗಿ ಕಟ್ಟಿದ್ದು ನೀರಿನಲ್ಲಿ ಸಡಿಲವಾಗುತ್ತದೆ. ತೆಂಗಿನ ನಾರಿನ ಹಗ್ಗ, ಸಣಬಿನ ಹಗ್ಗ ನೆನೆದರೆ ಬಿಗಿಯುತ್ತವೆ, ಆದರೆ ಒಣಗಿ ನೆನೆದು ಒಣಗಿ ಕೊಳೆಯುತ್ತವೆ, ಸಣಬಿನದು ಬೇಗ. ಹಸಿರು, ಹಳದಿ ಬಣ್ಣದ ಪಾಲಿಪ್ರೊಪಿಲೀನ್ ಹಗ್ಗ ನೀರು ಕುಡಿಯುವುದಿಲ್ಲ, ತೇಲುತ್ತದೆ, ಅಗ್ಗ. ಅದರ ತೊಂದರೆ ಎರಡು, ಗಂಟು ಜಾರುತ್ತದೆ ಮತ್ತು ಬಿಸಿಲಿಗೆ ಪುಡಿಯಾಗುತ್ತದೆ. ಆದರೂ ನಾನು ಅದನ್ನೇ ಹೇಳುವುದು, 6 ಎಂಎಂದು, 120 ಮೀಟರ್. ಗಂಟು ಹಾಕಿದ ಮೇಲೆ ತುದಿಯನ್ನು ಬಿಡಬೇಡಿ, ಒಂದು ಗೇಣು ಉಳಿಸಿ ಇನ್ನೊಂದು ಗಂಟು ಹಾಕಿ, ಮೇಣದಬತ್ತಿಯಲ್ಲಿ ತುದಿ ಕರಗಿಸಿ.

ಇದರ ಜೊತೆಗೆ ಪಂಕ್ಚರ್ ಅಂಗಡಿಯಿಂದ ಹಳೇ ಲಾರಿ ಟ್ಯೂಬ್ ಎರಡು ತನ್ನಿ. ಎರಡು ಬೆರಳಗಲ ಪಟ್ಟಿ ಕತ್ತರಿಸಿ. ಎಳೆದು ಸುತ್ತಿದರೆ ರಬ್ಬರ್ ಬಿದಿರನ್ನು ಹಿಡಿದುಕೊಳ್ಳುವ ರೀತಿಯೇ ಬೇರೆ, ಜಾರುವ ಮಾತೇ ಇಲ್ಲ. ಹಗ್ಗದ ಕಟ್ಟಿನ ಮೇಲೆ ಇದನ್ನೊಂದು ಸುತ್ತು ಹಾಕಿದರೆ ಹಗ್ಗಕ್ಕೆ ಬಿಸಿಲೂ ತಾಗುವುದಿಲ್ಲ.

ಮುಚ್ಚಳ ಬೆಳಗ್ಗೆಯೇ ಹಾಕಿ

ಡ್ರಮ್ಮನ್ನು ಸೋಪಿನ ನೀರಿನಲ್ಲಿ ತೊಳೆದು ಒಣಗಿಸಿ. ತೊಳೆದ ನೀರನ್ನು ಹೊಂಡಕ್ಕಾಗಲಿ ಗದ್ದೆಗಾಗಲಿ ಬಿಡಬೇಡಿ. ಮುಚ್ಚಳದ ರಬ್ಬರ್ ವಾಷರ್ ಇದೆಯೇ ನೋಡಿ, ಇಲ್ಲದಿದ್ದರೆ ಟ್ಯೂಬಿನಲ್ಲೇ ಕತ್ತರಿಸಿ ಹಾಕಿ. ತಿರುಪಿಗೆ ಪ್ಲಂಬರ್‌ಗಳ ಟೆಫ್ಲಾನ್ ಟೇಪ್ ನಾಲ್ಕು ಸುತ್ತು.

ಮುಚ್ಚಳ ಬಿಗಿಯುವ ಹೊತ್ತು ಮುಖ್ಯ. ಮಧ್ಯಾಹ್ನ ಡ್ರಮ್ಮು ಕಾದಿರುವಾಗ ಬಿಗಿದು ನೀರಿಗೆ ಇಳಿಸಿದರೆ ಒಳಗಿನ ಗಾಳಿ ತಣ್ಣಗಾಗಿ ಕುಗ್ಗುತ್ತದೆ. ಡ್ರಮ್ಮಿನ ಪಕ್ಕೆ ಒಳಕ್ಕೆ ಹೋಗುತ್ತದೆ, ಮುಚ್ಚಳದಲ್ಲಿ ಕೂದಲೆಳೆ ಸಂದಿ ಇದ್ದರೂ ನೀರನ್ನು ಒಳಗೆ ಎಳೆದುಕೊಳ್ಳುತ್ತದೆ. ಬೆಳಗ್ಗೆ ತಂಪಿನಲ್ಲಿ ಬಿಗಿದರೆ ಉಲ್ಟಾ, ಒಳಗಿನ ಗಾಳಿ ಹೊರಕ್ಕೆ ಒತ್ತುತ್ತಿರುತ್ತದೆ. ಸೋರಿಕೆ ಪರೀಕ್ಷೆಯೂ ಇದರಲ್ಲೇ ಆಗುತ್ತದೆ. ಬೆಳಗ್ಗೆ ಬಿಗಿದು ಬಿಸಿಲಿಗೆ ಇಡಿ, ಹನ್ನೆರಡು ಗಂಟೆಗೆ ಮುಚ್ಚಳದ ಸುತ್ತ ಸೋಪಿನ ನೊರೆ ಹಚ್ಚಿ. ಗುಳ್ಳೆ ಎದ್ದರೆ ಸೋರುತ್ತಿದೆ ಎಂದರ್ಥ. ಮುಚ್ಚಳ ತೆಗೆದು ವಾಷರ್ ಬದಲಾಯಿಸಿ. ಇದಾಗುವ ತನಕ ಮುಂದಿನ ಕೆಲಸಕ್ಕೆ ಹೋಗಬೇಡಿ.

ಚೌಕಟ್ಟು, ತಲೆಕೆಳಗಾಗಿ

ಎಲ್ಲವನ್ನೂ ಬಿಡಿಬಿಡಿಯಾಗಿ ಟಾಟಾ ಏಸ್‌ನಲ್ಲಿ ಹಾಕಿಕೊಂಡು ಹೋಗಿ ನೀರಿನ ದಡದಲ್ಲೇ ಕಟ್ಟಿ. ಮನೆ ಮುಂದೆ ಕಟ್ಟಿದರೆ ಸಾಗಿಸಲು ದೊಡ್ಡ ಗಾಡಿ ಬೇಕು. ಸಹಾಯಕ್ಕೆ ಇನ್ನು ಮೂವರಿದ್ದರೆ ಒಳ್ಳೆಯದು.

ಕಟ್ಟುವುದು ಉಲ್ಟಾ. ಐದು ಅಡ್ಡ ಗಳಗಳನ್ನು ನೆಲದ ಮೇಲೆ ಸಮ ಅಂತರದಲ್ಲಿ ಮಲಗಿಸಿ. ಅದರ ಮೇಲೆ ನಾಲ್ಕು ಉದ್ದ ಗಳ, ಒಂದು ಬದಿಗೆ ಎರಡು, ಇನ್ನೊಂದು ಬದಿಗೆ ಎರಡು. ಒಂದು ಜೋಡಿಯ ಎರಡು ಗಳಗಳ ನಡುವೆ ಮಧ್ಯದಿಂದ ಮಧ್ಯಕ್ಕೆ 16 ಇಂಚು ಇರಲಿ. ಈ ಅಳತೆ ಸುಮ್ನೆ ಹೇಳಿದ್ದಲ್ಲ. ಡ್ರಮ್ಮಿನ ಅಗಲ ಸುಮಾರು 23 ಇಂಚು. 16ರ ಅಂತರದಲ್ಲಿ ಡ್ರಮ್ಮು ಎರಡು ಗಳಗಳ ನಡುವೆ ತಾನಾಗಿ ಕೂತುಕೊಳ್ಳುತ್ತದೆ, ಉರುಳುವುದಿಲ್ಲ, ಅದರ ಬೆನ್ನು ಅಡ್ಡ ಗಳಕ್ಕೂ ತಾಗುವುದಿಲ್ಲ. ಅಂತರ 18 ಇಂಚಿಗೆ ಹೋದರೆ ಬೆನ್ನು ಅಡ್ಡ ಗಳಕ್ಕೆ ಒತ್ತುತ್ತದೆ, ಭಾರವೆಲ್ಲ ಅಲ್ಲಿಗೆ ಬಿದ್ದು ಕಟ್ಟು ಅಲ್ಲಾಡುತ್ತದೆ. ಎರಡು ಜೋಡಿಗಳ ನಡುವೆ ಮಧ್ಯದಿಂದ ಮಧ್ಯಕ್ಕೆ ನಾಲ್ಕೂವರೆ ಅಡಿ ಬಿಡಿ. ತೆಪ್ಪ ಮಗುಚದಂತೆ ತಡೆಯುವುದು ಈ ಅಗಲವೇ. ಹಲಗೆ ಸಾಲದು ಎಂದು ಇದನ್ನು ಮೂರು ಅಡಿಗೆ ಇಳಿಸುವವರಿದ್ದಾರೆ. ಹಲಗೆ ನಡುವೆ ಮಾತ್ರ ಹಾಕಿ ಬೇಕಾದರೆ, ಡ್ರಮ್ಮುಗಳನ್ನು ಹತ್ತಿರ ತರಬೇಡಿ.

ಗಳ ಗಳ ಸೇರುವ ಜಾಗ ಇಪ್ಪತ್ತು. ಒಂದೊಂದಕ್ಕೂ ಮೂರೂವರೆ ಮೀಟರ್ ಹಗ್ಗ. ಕೆಳಗಿನ ಗಳಕ್ಕೆ ಗಂಟು ಹಾಕಿ ಶುರು ಮಾಡಿ. ಹಗ್ಗ ಮೇಲಿನ ಗಳದ ಮೇಲೆ ಹಾಯಬೇಕು, ಕೆಳಗಿನದರ ಅಡಿಗೆ ಹೋಗಬೇಕು, ಮತ್ತೆ ಮೇಲಿನದರ ಮೇಲೆ, ಮತ್ತೆ ಅಡಿಗೆ, ಹೀಗೆ ನಾಲ್ಕೂ ಮೂಲೆ ಸುತ್ತಿ ಮೂರು ಸುತ್ತು. ಹಗ್ಗ ಒಂದರ ಮೇಲೊಂದು ಏರಬಾರದು, ಪಕ್ಕಪಕ್ಕದಲ್ಲಿ ಕೂರಬೇಕು. ಇಲ್ಲಿಗೆ ನಿಲ್ಲಿಸಿದರೆ ಅದು ಅರ್ಧ ಕಟ್ಟು. ಈಗ ಹಗ್ಗವನ್ನು ಎರಡು ಗಳಗಳ ನಡುವಿನ ಸಂದಿಗೆ ತಂದು, ಸುತ್ತಿದ ಹಗ್ಗದ ಸೊಂಟಕ್ಕೇ ಮೂರು ಸುತ್ತು ಹಾಕಿ. ಪ್ರತಿ ಸುತ್ತಿಗೂ ಒಂದು ಕಾಲನ್ನು ಗಳದ ಮೇಲೆ ಊರಿ ಮೈಭಾರ ಬಿಟ್ಟು ಎಳೆಯಿರಿ. ಬಿದಿರು ಕಿರ್ ಅನ್ನುತ್ತದೆ, ನೇರವಾಗಿದ್ದ ಹಗ್ಗ ನಡುವೆ ಕಿವುಚಿಕೊಂಡು ಒಳಕ್ಕೆ ಸರಿಯುತ್ತದೆ, ಒದ್ದೆ ಬೆಡ್‌ಶೀಟ್ ಹಿಂಡಿದ ಹಾಗೆ. ಆ ಶಬ್ದ ಬಂದರೆ ಕಟ್ಟು ಕೂತಿತು ಎಂದು ತಿಳಿಯಿರಿ. ಆಮೇಲೆ ಗಂಟು, ಅದರ ಮೇಲೆ ಟ್ಯೂಬ್ ಪಟ್ಟಿ. ಸಾರುವೆ ಕಟ್ಟುವ ಕೆಲಸದವರು ಪರಿಚಯ ಇದ್ದರೆ ಒಂದು ದಿನದ ಕೂಲಿ ಕೊಟ್ಟು ಕರೆಯಿರಿ, ಅವರ ಕೈ ನೋಡಿದರೆ ಇಲ್ಲಿ ನಾನು ಬರೆದದ್ದಕ್ಕಿಂತ ಬೇಗ ಕಲಿಯುತ್ತೀರಿ.

ಕೊನೆಗೆ ಎರಡು ಸಣ್ಣ ಗಳಗಳನ್ನು ಮೂಲೆಯಿಂದ ಮೂಲೆಗೆ ಕಟ್ಟಿ, ಅವು ಎರಡು ಸಾಲು ಡ್ರಮ್ಮಿನ ನಡುವಿನ ಖಾಲಿ ಜಾಗದಲ್ಲೇ ಇರಲಿ. ಇದಿಲ್ಲದಿದ್ದರೆ ಚೌಕ ನಿಧಾನಕ್ಕೆ ಸೊಟ್ಟಗಾಗುತ್ತದೆ.

ಈಗ ಡ್ರಮ್ಮುಗಳನ್ನು ಜೋಡಿ ಗಳಗಳ ಮೇಲೆ ಮಲಗಿಸಿ, ಸಾಲಿಗೆ ಎರಡು, ತಳಕ್ಕೆ ತಳ ತಾಗಿಸಿ. ಮುಚ್ಚಳಗಳು ಹೊರಗಡೆಗೆ ಬರುತ್ತವೆ. ಡ್ರಮ್ಮನ್ನು ತಿರುಗಿಸಿ ಎರಡು ಮುಚ್ಚಳಗಳೂ ಒಂದೇ ಮಟ್ಟದಲ್ಲಿ, ಅಕ್ಕಪಕ್ಕ ಬರುವಂತೆ ಇಡಿ. ಆಗ ಎರಡೂ ಡ್ರಮ್ಮಿನ ಅರ್ಧ ಎತ್ತರದಲ್ಲಿರುತ್ತವೆ. ನೀರು ಬರುವುದು ಮೂರನೇ ಒಂದು ಭಾಗದವರೆಗೆ ಮಾತ್ರ ಎಂದು ಮೇಲೆ ಲೆಕ್ಕ ಹಾಕಿದೆವಲ್ಲ, ಹಾಗಾಗಿ ಮುಚ್ಚಳ ಯಾವಾಗಲೂ ನೀರಿನಿಂದ ಮೇಲೇ ಉಳಿಯುತ್ತದೆ. ಒಂದರ ಮೇಲೊಂದು ಬರುವಂತೆ ಇಟ್ಟರೆ ಕೆಳಗಿನದು ಸದಾ ನೀರಿನಲ್ಲಿ. ಒಂದೊಂದು ಡ್ರಮ್ಮಿಗೂ ಎರಡು ಕಡೆ, ಅದರ ಮೈಮೇಲಿನ ಉಬ್ಬು ಗೆರೆಗಳ ಪಕ್ಕದಲ್ಲಿ, ಎರಡೆರಡು ಸುತ್ತು ಹಗ್ಗ ಹಾಕಿ ಉದ್ದ ಗಳಗಳಿಗೆ ಬಿಗಿಯಿರಿ. ನೀರಿನಲ್ಲಿರುವಾಗ ಡ್ರಮ್ಮು ತಾನೇ ಚೌಕಟ್ಟಿಗೆ ಮೇಲಕ್ಕೆ ಒತ್ತಿಕೊಂಡಿರುತ್ತದೆ, ಹಗ್ಗದ ಕೆಲಸ ಅದು ಉದ್ದಕ್ಕೆ ಜಾರದಂತೆ ಮತ್ತು ದಡಕ್ಕೆ ಎತ್ತುವಾಗ ಉದುರದಂತೆ ಹಿಡಿಯುವುದು.

ನಾಲ್ವರು ಸೇರಿ ತಿರುವಿ ಹಾಕಿ. ಆಮೇಲೆಯೇ ಹಲಗೆ. ಹಲಗೆಗಳ ನಡುವೆ ಒಂದು ಬೆರಳು ಸಂದಿ ಬಿಟ್ಟು ಅಡ್ಡ ಗಳಗಳಿಗೆ ಕಟ್ಟಿ. ಬಿದಿರಿಗೆ ಮೊಳೆ ಹೊಡೆದರೆ ಸೀಳುತ್ತದೆ. ಹಳೇ ಫ್ಲೆಕ್ಸ್ ಹಾಸಬೇಡಿ, ನೆನೆದರೆ ಕಾಲು ಜಾರುತ್ತದೆ. ಗೋಣಿಚೀಲ ಹಾಸಿ.

ಡ್ರಮ್ಮು ಸಿಗದಿದ್ದರೆ

ಎರಡು ಲೀಟರಿನ ಸೋಡಾ, ಕೋಲಾ ಬಾಟಲಿಗಳಲ್ಲೂ ಆಗುತ್ತದೆ. ನೀರಿನ ಬಾಟಲಿ ತೆಳು, ಸೋಡಾ ಬಾಟಲಿ ಒತ್ತಡ ತಡೆಯಲೆಂದೇ ಮಾಡಿದ್ದು, ಮುಚ್ಚಳವೂ ಬಿಗಿ. ಒಬ್ಬರಿಗೆ ಇನ್ನೂರು ಬಾಟಲಿ ಎಂದು ಲೆಕ್ಕ ಇಟ್ಟುಕೊಳ್ಳಿ, 400 ಕೆಜಿ ಆಯ್ತು. ಈರುಳ್ಳಿ ಚೀಲದಲ್ಲಿ ಒತ್ತಾಗಿ ತುಂಬಿ, ಬಾಯಿ ಹೊಲಿದು, ಡ್ರಮ್ಮಿನ ಜಾಗದಲ್ಲೇ ಎರಡು ಸಾಲಾಗಿ ಕಟ್ಟಿ. ಒಂದು ಸೋರಿದರೆ ಹೋಗುವುದು ಎರಡೇ ಕೆಜಿ, ಅದು ಇದರ ದೊಡ್ಡ ಗುಣ. ಮನೆಗೆ ಬರುವ 20 ಲೀಟರಿನ ನೀರಿನ ಕ್ಯಾನ್ ಮಾತ್ರ ಬೇಡ, ಅದರ ಒತ್ತು ಮುಚ್ಚಳ ನೀರಿನಲ್ಲಿ ಬಿಚ್ಚಿಕೊಳ್ಳುತ್ತದೆ. ಬರೀ ಥರ್ಮಾಕೋಲೂ ಬೇಡ, ಪುಡಿ ಪುಡಿಯಾಗಿ ಮೀನಿನ ಹೊಟ್ಟೆಗೆ ಹೋಗುತ್ತದೆ.

ಇಳಿಸುವ ದಿನ

ಆ ಕ್ಯಾನ್‌ಗಳು ಪರೀಕ್ಷೆಗೆ ಬರುತ್ತವೆ. ತುಂಬಿದ ಕ್ಯಾನ್ 20 ಕೆಜಿ, ಏಳು ಕ್ಯಾನ್ ಇಟ್ಟರೆ ಇಬ್ಬರು ಕೂತ ಹಾಗೆ. ದಡದ ಹತ್ತಿರ, ಹಗ್ಗ ಮರಕ್ಕೆ ಕಟ್ಟಿಕೊಂಡೇ, ಮೊದಲು ನಡುವೆ ಇಟ್ಟು ನೋಡಿ, ಆಮೇಲೆ ಏಳನ್ನೂ ಒಂದೇ ಬದಿಗೆ ಸರಿಸಿ. ಆ ಬದಿಯ ಡ್ರಮ್ಮು ಅರ್ಧಕ್ಕಿಂತ ಕೆಳಗೆ ಹೋದರೆ ಜನ ಹತ್ತಬಾರದು. ಹಾಗೇ ಒಂದು ಗಂಟೆ ಬಿಟ್ಟು, ಮತ್ತೆ ದಡಕ್ಕೆ ಎಳೆದು ಇಪ್ಪತ್ತೂ ಕಟ್ಟನ್ನು ಕೈಯಲ್ಲಿ ಅಲ್ಲಾಡಿಸಿ ನೋಡಿ, ಸಡಿಲವಾದದ್ದನ್ನು ಬಿಚ್ಚಿ ಮತ್ತೆ ಕಟ್ಟಿ.

ಪ್ಲಾಸ್ಟಿಕ್ ಹಾಳೆ ಹಾಸಿದ ಹೊಂಡದ ಬಗ್ಗೆ ನಾನು ಒತ್ತಿ ಹೇಳಬೇಕು. ಅದರ ಇಳಿಜಾರು ಒದ್ದೆಯಾದರೆ ಕೈಗೆ ಕಾಲಿಗೆ ಏನೂ ಸಿಗುವುದಿಲ್ಲ, ಈಜು ಬರುವವರೂ ಹತ್ತಲಾರದೆ ಸೋತು ಮುಳುಗಿದ್ದಾರೆ. ತೆಪ್ಪ ಇಳಿಸುವ ಮುಂಚೆ ನಾಲ್ಕೂ ದಡದಲ್ಲಿ ಗೂಟ ಹೊಡೆದು, ಅಡಿಗೊಂದು ಗಂಟು ಹಾಕಿದ ದಪ್ಪ ಹಗ್ಗ ನೀರಿನೊಳಗೆ ಇಳಿಬಿಡಿ. ಒಂದು ಕಡೆ ಹಳೇ ಟೈರುಗಳನ್ನು ಒಂದಕ್ಕೊಂದು ಕಟ್ಟಿ ಮೆಟ್ಟಿಲಿನಂತೆ ಇಳಿಸಿ. ಹತ್ತಿದ ಪ್ರತಿಯೊಬ್ಬರಿಗೂ ಲೈಫ್ ಜಾಕೆಟ್ ಇರಬೇಕು, ಅದರ ಪಟ್ಟಿ ಹಾಕಿರಬೇಕು. ತೆಪ್ಪದಲ್ಲಿ ಉಳಿಸಿದ ದುಡ್ಡು ಅದಕ್ಕೆ ಹೋಗಲಿ. ದಡದಲ್ಲಿ ಎಸೆಯುವ ಹಗ್ಗ ಹಿಡಿದು ಒಬ್ಬರು ಇರಲಿ, ಮಕ್ಕಳನ್ನು ಮಾತ್ರ ಕಳಿಸಬೇಡಿ. ಎದ್ದು ನಿಲ್ಲಬೇಡಿ, ಕೂತೇ ಕೆಲಸ ಮಾಡಿ.

ನಡೆಸುವುದಕ್ಕೆ ಹುಟ್ಟಿಗಿಂತ ಹಗ್ಗ ಒಳ್ಳೆಯದು. ಹೊಂಡದ ಈ ದಡದಿಂದ ಆ ದಡಕ್ಕೆ ಒಂದು ಹಗ್ಗ ಬಿಗಿದು ಕಟ್ಟಿ, ಕೂತುಕೊಂಡೇ ಅದನ್ನು ಹಿಡಿದು ಎಳೆದುಕೊಂಡು ಹೋಗಿ. ಗಳ ಊರಿ ತಳ್ಳಿದರೆ ಹಾಳೆ ಹರಿಯುತ್ತದೆ. ಅದೇ ಕಾರಣಕ್ಕೆ ಚೌಕಟ್ಟಿನ ಎಲ್ಲ ಬಿದಿರಿನ ತುದಿಗೂ ಟ್ಯೂಬ್ ತುಂಡು ಸುತ್ತಿ.

2022ರ ಸೆಪ್ಟೆಂಬರಿನಲ್ಲಿ ಯಮಲೂರು, ಬೆಳ್ಳಂದೂರು ಕಡೆ ಮಳೆನೀರು ನುಗ್ಗಿ ಜನ ಟ್ರ್ಯಾಕ್ಟರ್ ಹತ್ತಿ ಮನೆಯಿಂದ ಹೊರಬಂದದ್ದು ನೆನಪಿದೆಯಲ್ಲ, ಆಮೇಲೆ ತಗ್ಗಿನ ಲೇಔಟಿನವರು ಇಂಥ ತೆಪ್ಪ ಕಟ್ಟಿ ಇಡಬಹುದೇ ಅನ್ನುವ ಪ್ರಶ್ನೆ ಬರುವುದು ಸಹಜ. ಕರೆಂಟ್ ತೆಗೆಸಿದ ಮೇಲೆ, ಹರಿವಿಲ್ಲದ ನೀರಿನಲ್ಲಿ, ವಯಸ್ಸಾದವರನ್ನು ಅಥವಾ ಔಷಧಿ, ನೀರಿನ ಕ್ಯಾನ್ ಸಾಗಿಸಲು ಇದು ಉಪಯೋಗಕ್ಕೆ ಬರುತ್ತದೆ. ರಾಜಕಾಲುವೆಯ ಹತ್ತಿರ, ನೀರು ಓಡುತ್ತಿರುವ ರಸ್ತೆಯಲ್ಲಿ ಬೇಡವೇ ಬೇಡ. ಬಾಯಿ ತೆರೆದ ಮ್ಯಾನ್‌ಹೋಲ್ ಕಾಣುವುದಿಲ್ಲ, ಎಳೆತ ಎಷ್ಟಿದೆ ಎಂದು ಗೊತ್ತಾಗುವ ಹೊತ್ತಿಗೆ ತಡವಾಗಿರುತ್ತದೆ. ಅಲ್ಲಿಗೆ ಅಗ್ನಿಶಾಮಕ ದಳದವರ ದೋಣಿಯೇ ಬರಬೇಕು, 112ಕ್ಕೆ ಕರೆ ಮಾಡಿ.

ಕೆಲಸ ಮುಗಿದ ಮೇಲೆ ತೆಪ್ಪವನ್ನು ನೀರಿನಲ್ಲೇ ಬಿಡಬೇಡಿ. ಮೇಲಕ್ಕೆ ಎಳೆದು, ನೆರಳಿನಲ್ಲಿ, ಇಟ್ಟಿಗೆಯ ಮೇಲೆ ಇಡಿ, ಇಲ್ಲದಿದ್ದರೆ ಗೆದ್ದಲು ಹಿಡಿಯುತ್ತದೆ. ಮುಚ್ಚಳ ಸಡಿಲ ಮಾಡಿ. ಮತ್ತೆ ಇಳಿಸುವ ದಿನ ಬೆಳಗ್ಗೆ ತಂಪಿನಲ್ಲಿ ಬಿಗಿದು, ಡ್ರಮ್ಮನ್ನು ಅಲ್ಲಾಡಿಸಿ ಒಳಗೆ ನೀರಿನ ಸದ್ದು ಬರುತ್ತದೆಯೇ ಕೇಳಿ, ಹಗ್ಗವನ್ನು ಉಗುರಿನಿಂದ ಕೆರೆದು ನೋಡಿ. ನಾರು ಪುಡಿ ಪುಡಿಯಾಗಿ ಬಂದರೆ ಆ ಕಟ್ಟುಗಳನ್ನೆಲ್ಲ ಹೊಸ ಹಗ್ಗದಲ್ಲಿ ಕಟ್ಟಿ.